ಸುಡುಗಾಡು ಕಾಯುವವನ ಮರ್ಯಾದೆ

ಪತ್ರ: ಭಾನುವಾರ ಗೆಳೆಯನ ಮಾಳಿಗೆ ಮೇಲೆ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಡುತ್ತೇವೆ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕೂತಲ್ಲೇ ಕಥೆ ಕಟ್ಟುವ ಆಟ. ನನ್ನದು ಸಾವಿನ ದೇವರು ಕೆಲೆಮ್ವೋರ್‌ನ ಪೂಜಾರಿ ಪಾತ್ರ. ಜೊತೆಗಿದ್ದ ಕಳ್ಳ ಗೋರಿ ಒಡೆದು ಉಂಗುರ ತೆಗೆದ. ನಾನು ಕತ್ತಿ ಎತ್ತಿದೆ. ಆಟ ಕೆಟ್ಟಿತು. ‘ಸಾವಿನ ಭಕ್ತನಿಗೆಂಥಾ ಮರ್ಯಾದೆ’ ಅಂತ ಎಲ್ಲರೂ ನಕ್ಕರು. ನನ್ನದು ತಪ್ಪಾ?
– ಓದುಗ, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಮೊದಲ ತಪ್ಪು ನಕ್ಕವರದು. ಸಾವಿನ ದೇವರು ಅಂದರೆ ಕೊಲ್ಲುವ ದೇವರು ಅಂದುಕೊಂಡಿದ್ದಾರೆ. ಕೊಲೆಗೆ ಆ ಲೋಕದಲ್ಲಿ ಭಾಲ್ ಅಂತ ಬೇರೆಯವನೇ ಇದ್ದಾನೆ. ಕೆಲೆಮ್ವೋರ್ ಸತ್ತವರ ನ್ಯಾಯ ಹೇಳುವವನು. ಅವನ ಪೂಜಾರಿಗಳು ಸಾಯುವವರ ಹತ್ತಿರ ಕೂರುತ್ತಾರೆ, ಸತ್ತವರನ್ನು ಮಣ್ಣು ಮಾಡುತ್ತಾರೆ, ಎದ್ದು ಓಡಾಡುವ ಹೆಣ ಕಂಡರೆ ಮಾತ್ರ ಬಿಡುವುದಿಲ್ಲ. ಇಂಥದ್ದೇ ಇನ್ನೊಂದು ಆಟ ‘ಪಾತ್‌ಫೈಂಡರ್’; ಅದರ ದೇವತೆ ಫರಾಸ್ಮಾ ಹುಟ್ಟು ಸಾವು ಎರಡಕ್ಕೂ ಒಡತಿ. 2019ರ ಎರಡನೇ ಆವೃತ್ತಿಯಲ್ಲಿ ಅವಳ ಭಕ್ತರಿಗೆ ಬರೆದೇ ಇಟ್ಟಿದ್ದಾರೆ: ಹೆಣ ಎಬ್ಬಿಸಬಾರದು, ಹೆಣಕ್ಕೆ ಅವಮಾನ ಮಾಡಬಾರದು, ಗೋರಿ ದೋಚಬಾರದು. ಹಾಗಾಗಿ ನಿಮ್ಮ ಪೂಜಾರಿಗೆ ಸಿಟ್ಟು ಬಂದದ್ದು ಸರಿಯೇ.

ನಮಗೆ ಇದೇನು ಹೊಸದಲ್ಲ. ಯಮನನ್ನು ನಾವು ಕರೆಯುವುದೇ ಧರ್ಮರಾಯ ಅಂತ. ನಚಿಕೇತ ಮೂರು ರಾತ್ರಿ ಅವನ ಬಾಗಿಲಲ್ಲಿ ಉಪವಾಸ ಕಾದ. ಅತಿಥಿಯನ್ನು ಹಸಿದು ಕೂರಿಸಿದ್ದಕ್ಕೆ ರಾತ್ರಿಗೊಂದರಂತೆ ಮೂರು ವರ. ಸಾವೇ ದಂಡ ಕಟ್ಟಿದ ಹಾಗಾಯಿತು, ಅಲ್ವಾ?

ಆದರೆ ಕತ್ತಿ ಎತ್ತಿದ್ದು ನನಗೆ ಹಿಡಿಸಲಿಲ್ಲ. ಸುಡುಗಾಡು ಕಾಯುತ್ತಿದ್ದ ಹರಿಶ್ಚಂದ್ರ, ಹೆಂಡತಿ ಸತ್ತ ಮಗನನ್ನು ತಂದರೂ ಸುಂಕ ಬಿಡಲಿಲ್ಲ. ಆ ನೇಮಕ್ಕೆ ಉರಿದದ್ದು ಅವನದೇ ಹೊಟ್ಟೆ. (ಚಂದ್ರಮತಿಯನ್ನು ಯಾರೂ ಕೇಳಲಿಲ್ಲ, ಆ ಮಾತು ಬೇರೆ.) ನಿಮ್ಮ ನೇಮದ ಬೆಲೆಯನ್ನು ಗೆಳೆಯ ಯಾಕೆ ಕೊಡಬೇಕು?

ಧಾರವಾಡದ ನಮ್ಮ ಓಣಿಯಲ್ಲಿ ಒಂದು ಗೋಡೆಗಾಗಿ ವರ್ಷಗಟ್ಟಲೆ ಮಾತು ಬಿಟ್ಟಿದ್ದ ಎರಡು ಮನೆಗಳಿದ್ದವು. ಒಂದು ಮನೆಯ ಅಜ್ಜ ತೀರಿಕೊಂಡಾಗ ಮೊದಲು ಚಹಾದ ಕಿಟ್ಲಿ ಹಿಡಿದು ಬಂದವರು ಎದುರು ಪಾರ್ಟಿಯವರೇ. ಮಣ್ಣಿಗೂ ಬಂದರು. ಒಂದು ಹಿಡಿ ಮಣ್ಣು ಹಾಕಿ, ಯಾರ ಮುಖವನ್ನೂ ನೋಡದೆ ಹೋದರು. ಗೋಡೆ ಜಗಳ ಮುಂದಿನ ವಾರ ಮತ್ತೆ ಶುರು!

ಮುಂದಿನ ಭಾನುವಾರ ಕತ್ತಿ ಒಳಗಿಡಿ. ನಿಮ್ಮ ಪಾಲಿನ ಚಿನ್ನ ಕೊಟ್ಟು ಕಳ್ಳನಿಂದ ಉಂಗುರ ಬಿಡಿಸಿಕೊಳ್ಳಿ. ಗೋರಿಗೆ ಹಾಕಿ, ಕಲ್ಲು ಮುಚ್ಚಿ ಬನ್ನಿ. ಕೆಲೆಮ್ವೋರ್ ಬೇಜಾರಾಗುವುದಿಲ್ಲ. ದೇವರಾಗುವ ಮೊದಲು ಅವನೂ ಕೂಲಿ ಸೈನಿಕ, ಕಾಸು ತಗೊಳ್ಳದೆ ಪರೋಪಕಾರ ಮಾಡಿದರೆ ಕರಿಚಿರತೆಯಾಗುವ ಶಾಪ ಬೇರೆ ಇತ್ತು. ವ್ಯವಹಾರ ಅವನಿಗೆ ಗೊತ್ತು. ಕಳ್ಳ ನಗುತ್ತಾನೆ, ನಗಲಿ. ಆಟ ನಡೆಸುವವರು ಆ ಉಂಗುರದ ಒಡೆಯನನ್ನು ರಾತ್ರಿ ಎಬ್ಬಿಸಿ ಕಳಿಸುವ ಯೋಚನೆಯಲ್ಲಿದ್ದರೆ, ಆಗ ಆ ಕಳ್ಳನೇ ನಿಮ್ಮ ಬೆನ್ನ ಹಿಂದೆ ಬಂದು ನಿಲ್ಲುತ್ತಾನೆ.
– ಸಂಪಾದಕ