ಹಸಿರು ಗೆರೆ ಓದದೆ ಗ್ರಾವೆಲ್ ಹಾದಿಗೆ ಇಳಿಯಬೇಡಿ

ಇಂಗ್ಲೆಂಡಿನ ಗುಡ್ಡಗಾಡಿನಲ್ಲಿ ಗ್ರಾವೆಲ್ ಸೈಕಲ್ (ಜಲ್ಲಿ, ಮಣ್ಣಿನ ಹಾದಿಗೆ ಹೊಂದುವ ಅಗಲ ಟೈರಿನ ಸೈಕಲ್) ಓಡಿಸುವ ಕನ್ನಡಿಗರಿಂದ ಪ್ರತಿ ವಸಂತದಲ್ಲೂ ಒಂದೇ ಬಗೆಯ ಪ್ರಶ್ನೆಗಳು ಬರುತ್ತವೆ. ಯಾವ ಸೈಕಲ್ ಕೊಳ್ಳಬೇಕು, ಪಂಕ್ಚರ್ ಹೇಗೆ ಹಾಕಬೇಕು ಎಂಬುದನ್ನು ನಾನು ಇಲ್ಲಿ ಬರೆಯುವುದಿಲ್ಲ. ಅಷ್ಟನ್ನು ಕಲಿಯದವರು ಗುಡ್ಡಕ್ಕೆ ಹೊರಡಲೇಬಾರದು. ಈ ಸಲ ಹೆಚ್ಚಿನ ಜಾಗವನ್ನು ಒಂದೇ ಪ್ರಶ್ನೆಗೆ ಕೊಡುತ್ತಿದ್ದೇನೆ. ಅದರ ಉತ್ತರ ತಿಳಿಯದ ಕಾರಣದಿಂದಲೇ ಹಲವರು ತಾವೂ ಪೆಟ್ಟು ತಿನ್ನುತ್ತಾರೆ, ಉಳಿದ ಸವಾರರ ಮೇಲೂ ಊರವರ ಸಿಟ್ಟು ತಿರುಗುವಂತೆ ಮಾಡುತ್ತಾರೆ.

ಪ್ರಶ್ನೆ: ನಾನು ಶೆಫೀಲ್ಡ್‌ನಲ್ಲಿದ್ದೇನೆ. ಪೀಕ್ ಡಿಸ್ಟ್ರಿಕ್ಟ್ ಗುಡ್ಡಗಾಡಿನ ಹಳೆಯ ರೈಲು ಹಾದಿಯಾದ ಮಾನ್ಸಲ್ ಟ್ರೇಲ್ ಸುಲಭವೆನಿಸಿದ್ದರಿಂದ, ಆ್ಯಪ್ ‘ಗ್ರಾವೆಲ್’ ಎಂದು ತೋರಿಸಿದ ಈಡೇಲ್ ಮಾರ್ಗವನ್ನು ಆರಿಸಿಕೊಂಡೆ. ಜೇಕಬ್ಸ್ ಲ್ಯಾಡರ್ ಎಂಬ ಕಡಿದಾದ ಏರಿನಲ್ಲಿ ಸೈಕಲ್ ಹೊತ್ತೇ ಹತ್ತಬೇಕಾಯಿತು. ಮೇಲೆ ಕಿಂಡರ್ ಬೆಟ್ಟದ ಕಡೆ ತಿರುಗಿದಾಗ, ಇಲ್ಲಿ ಸೈಕಲ್ ತರುವಂತಿಲ್ಲ ಎಂದು ಚಾರಣಿಗರು ಗದರಿದರು. ಆ್ಯಪ್ ತೋರಿಸಿದ ದಾರಿಯಲ್ಲಿ ಹೋದದ್ದು ತಪ್ಪೇ?

ಉತ್ತರ: ತಪ್ಪು. ಗದರಿದವರು ಸರಿಯಾಗಿಯೇ ಹೇಳಿದ್ದಾರೆ. ಈಡೇಲ್‌ನಿಂದ ಪಶ್ಚಿಮಕ್ಕೆ ಏರಿ, ಈಡೇಲ್ ಕ್ರಾಸ್ ದಾಟಿ ಹೇಫೀಲ್ಡ್‌ಗೆ ಇಳಿಯುವ ಹಳೆಯ ಸರಕು ಕುದುರೆಗಳ ದಾರಿ ಬ್ರೈಡಲ್‌ವೇ, ಅಂದರೆ ನಡೆಯುವವರ ಜೊತೆ ಕುದುರೆ ಸವಾರರಿಗೂ ಹಕ್ಕಿರುವ ದಾರಿ. ಅದರಲ್ಲಿ ಸೈಕಲ್ಲಿಗೆ ಹಕ್ಕಿದೆ. ನೀವು ಮೇಲೆ ಉತ್ತರಕ್ಕೆ ತಿರುಗಿ ಹಿಡಿದದ್ದು ಪೆನೈನ್ ವೇ ಎಂಬ ದೂರದ ಚಾರಣ ಹಾದಿ. ಅದು ಅಲ್ಲಿ ಬರಿಯ ಕಾಲುದಾರಿ. ಜೇಕಬ್ಸ್ ಲ್ಯಾಡರ್‌ನ ಕಲ್ಲಿನ ಮೆಟ್ಟಿಲುಗಳೂ ನಡೆಯುವವರಿಗೆ ಮೀಸಲು. ಬ್ರೈಡಲ್‌ವೇ ಅವುಗಳ ಪಕ್ಕದಲ್ಲಿ ಸುತ್ತು ಬಳಸಿ ಏರುತ್ತದೆ. ಆ್ಯಪ್‌ಗಳು ಮಾರ್ಗ ಹೆಣೆಯುವಾಗ, ಹಿಂದೆ ಅಲ್ಲಿ ಓಡಿದವರು ಮತ್ತು ನಡೆದವರು ಬಿಟ್ಟ ಜಾಡನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ. ಅಲ್ಲಿ ಯಾರೋ ಹೋಗಿದ್ದಾರೆ ಎಂದ ಮಾತ್ರಕ್ಕೆ ನಿಮಗೆ ಸೈಕಲ್ ಓಡಿಸುವ ಹಕ್ಕು ಬರುವುದಿಲ್ಲ.

ಆದ್ದರಿಂದ ಮೊದಲು ಬ್ರಿಟನ್ನಿನ ಸರಕಾರಿ ನಕ್ಷೆ ಸಂಸ್ಥೆ ಆರ್ಡ್‌ನನ್ಸ್ ಸರ್ವೆಯ 1:25,000 ಪ್ರಮಾಣದ ಎಕ್ಸ್‌ಪ್ಲೋರರ್ ನಕ್ಷೆ ತೆರೆಯಿರಿ. ಪೀಕ್ ಡಿಸ್ಟ್ರಿಕ್ಟ್‌ಗೆ ಓಎಲ್ 1 ಮತ್ತು ಓಎಲ್ 24 ಎಂಬ ಸಂಖ್ಯೆಯ ಹಾಳೆಗಳು ಸಾಕು. ಅದರಲ್ಲಿ ಹಸಿರು ಬಣ್ಣದ ಚಿಕ್ಕ ತುಂಡು ಗೆರೆಗಳಿದ್ದರೆ ಕಾಲುದಾರಿ, ಉದ್ದ ತುಂಡು ಗೆರೆಗಳಿದ್ದರೆ ಬ್ರೈಡಲ್‌ವೇ. ಕಪ್ಪು ತುಂಡು ಗೆರೆ ನೆಲದ ಮೇಲೆ ಒಂದು ಜಾಡಿದೆ ಎಂದಷ್ಟೇ ಹೇಳುತ್ತದೆ, ಹಕ್ಕಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಸ್ಥಳದಲ್ಲಿ ಗೇಟಿನ ಕಂಬದ ಮೇಲಿನ ಬಾಣ ನೋಡಿ: ಹಳದಿ ಕಾಲುದಾರಿ, ನೀಲಿ ಬ್ರೈಡಲ್‌ವೇ, ನೇರಳೆ ಮತ್ತು ಕೆಂಪು ಬಾಣಗಳು ಬೈವೇಗಳು (ಕುದುರೆಗಾಡಿಗಳಿಗೂ ಹಕ್ಕಿರುವ ದಾರಿಗಳು). ಹಳದಿ ಒಂದನ್ನು ಬಿಟ್ಟು ಉಳಿದ ಮೂರರಲ್ಲೂ ಸೈಕಲ್ ಓಡಿಸಬಹುದು. ಸ್ಕಾಟ್‌ಲೆಂಡಿನಲ್ಲಿ 2003ರ ಕಾನೂನಿನಿಂದ ಹೆಚ್ಚಿನ ಸ್ವಾತಂತ್ರ್ಯವಿದೆ; ಅಲ್ಲಿ ಓಡಿಸಿ ಬಂದ ಗೆಳೆಯರ ಮಾತನ್ನು ಇಂಗ್ಲೆಂಡಿಗೆ ಅನ್ವಯಿಸಬೇಡಿ.

ಹಕ್ಕಿದೆ ಎಂದರೆ ಓಡಿಸಲು ಬರುತ್ತದೆ ಎಂದೂ ಅರ್ಥವಲ್ಲ. ಬ್ರೈಡಲ್‌ವೇಗಳಲ್ಲಿ ಸೈಕಲ್ಲಿಗೆ ಅವಕಾಶ ಕೊಟ್ಟದ್ದು 1968ರ ಗ್ರಾಮಾಂತರ ಕಾಯ್ದೆ. ಅದೇ ಕಾಯ್ದೆ ಎರಡು ಷರತ್ತುಗಳನ್ನೂ ಬರೆದಿಟ್ಟಿದೆ: ನಡೆಯುವವರಿಗೂ ಕುದುರೆ ಸವಾರರಿಗೂ ಸೈಕಲ್ ಸವಾರರು ದಾರಿ ಬಿಡಬೇಕು, ಸೈಕಲ್ಲಿಗೆ ಅನುಕೂಲವಾಗುವಂತೆ ಹಾದಿಯನ್ನು ಸರಿಪಡಿಸುವ ಹೊಣೆ ಯಾರ ಮೇಲೂ ಇಲ್ಲ. ಹೀಗಾಗಿ ನಕ್ಷೆಯಲ್ಲಿ ಒಂದೇ ಥರ ಕಾಣುವ ಎರಡು ಉದ್ದ ಗೆರೆಗಳಲ್ಲಿ ಒಂದು ಹಳೆಯ ರೈಲು ಹಾದಿಯಾಗಿರಬಹುದು, ಇನ್ನೊಂದು ಕ್ಯಾಸಲ್‌ಟನ್ ಬಳಿಯ ಕೇವ್‌ಡೇಲ್‌ನಂತೆ ಬಿಡಿಗಲ್ಲುಗಳ ಕಣಿವೆಯಾಗಿರಬಹುದು. ಸಮೋನ್ನತಿ ರೇಖೆಗಳು (ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಗೆರೆಗಳು) ಒತ್ತೊತ್ತಾಗಿದ್ದರೆ, ಅಥವಾ ಗೆರೆ ತೊರೆಯ ಪಕ್ಕದಲ್ಲೇ ಮೇಲಕ್ಕೆ ಏರಿದರೆ, ಅದನ್ನು ಗ್ರಾವೆಲ್ ಹಾದಿ ಎಂದುಕೊಳ್ಳಬೇಡಿ.

ಮೂರನೆಯದು ಕಲ್ಲು. ಈಡೇಲ್‌ನ ಉತ್ತರಕ್ಕಿರುವ ಡಾರ್ಕ್ ಪೀಕ್ ಒರಟು ಮರಳುಗಲ್ಲಿನ ನಾಡು. ಮಳೆಯಲ್ಲೂ ಆ ಕಲ್ಲಿನ ಮೇಲೆ ಟೈರು ಹಿಡಿಯುತ್ತದೆ, ಆದರೆ ಅದರ ನಡುವಿನ ಪೀಟ್ ಎಂಬ, ಕೊಳೆತ ಸಸ್ಯಗಳ ಜೌಗು ಮಣ್ಣು ಚಕ್ರವನ್ನು ನುಂಗುತ್ತದೆ. ದಕ್ಷಿಣದ ವೈಟ್ ಪೀಕ್ ಸುಣ್ಣಕಲ್ಲಿನದು. ಸವೆದ ಸುಣ್ಣಕಲ್ಲು ಒದ್ದೆಯಾದರೆ ಪಾಚಿ ಕಟ್ಟಿದ ಬಾವಿಕಟ್ಟೆಯಂತೆ ಜಾರುತ್ತದೆ. ಒಣ ದಿನ ನಿರಾಯಾಸವಾಗಿ ಇಳಿದ ಅದೇ ಇಳಿಜಾರಿನಲ್ಲಿ ನವೆಂಬರ್‌ನಲ್ಲಿ ಮುಂಚಕ್ರ ಜಾರಿ ಭುಜ ಮುರಿದುಕೊಂಡವರನ್ನು ನಾನು ನೋಡಿದ್ದೇನೆ. ಮಳೆ ಬಿದ್ದ ಮೇಲೆ ಸುಣ್ಣಕಲ್ಲಿನ ಕಡಿದಾದ ಇಳಿಜಾರುಗಳಲ್ಲಿ ಇಳಿದು ನಡೆಯಿರಿ. ಈ ವಿಷಯದಲ್ಲಿ ನಾನು ಅತಿ ಎಚ್ಚರಿಕೆಯವನೆಂದು ಅನೇಕರು ಹೇಳುತ್ತಾರೆ, ಹೇಳಲಿ.

ಮಾನ್ಸಲ್ ಟ್ರೇಲ್ ಮುಗಿಸಿದವರ ಮುಂದಿನ ಹೆಜ್ಜೆ ಈಡೇಲ್ ಅಲ್ಲ. ಆಶ್‌ಬೋರ್ನ್‌ನಿಂದ ಟಿಸ್ಸಿಂಗ್‌ಟನ್ ಟ್ರೇಲ್ ಹಿಡಿಯಿರಿ. ಪಾರ್ಸ್ಲಿ ಹೇ ತನಕ 13 ಮೈಲಿ, ಅಂದರೆ ಸುಮಾರು 21 ಕಿ.ಮೀ., ರೈಲು ಹತ್ತುತ್ತಿದ್ದ ನಿಧಾನ ಏರಿನಲ್ಲಿ ಸಾಗುತ್ತೀರಿ. ಅಲ್ಲಿಂದ ಹೈ ಪೀಕ್ ಟ್ರೇಲ್‌ನಲ್ಲಿ ದಕ್ಷಿಣಕ್ಕೆ ತಿರುಗಿ ಮಿಡಲ್‌ಟನ್ ಟಾಪ್ ತನಕ ಬನ್ನಿ. ಇದು 1830–31ರಲ್ಲಿ ತೆರೆದ ಕ್ರಾಮ್‌ಫರ್ಡ್ ಮತ್ತು ಹೈ ಪೀಕ್ ರೈಲುಮಾರ್ಗ. ಇದರ ಕಡಿದಾದ ಏರುಗಳಲ್ಲಿ ವ್ಯಾಗನ್‌ಗಳನ್ನು ಉಗಿಯಂತ್ರಗಳು ಹಗ್ಗ, ಸರಪಳಿಗಳಿಂದ ಎಳೆಯುತ್ತಿದ್ದವು. ಮಿಡಲ್‌ಟನ್ ಟಾಪ್‌ನ ಯಂತ್ರಮನೆ ಇಂದಿಗೂ ನಿಂತಿದೆ. ಅದರಾಚೆ ಕ್ರಾಮ್‌ಫರ್ಡ್ ಕಡೆಗೆ ಸುಮಾರು 8ಕ್ಕೆ 1ರ ಇಳಿಜಾರುಗಳಿವೆ. ಮಕ್ಕಳೂ ಮುದುಕರೂ ನಡೆದು ಬರುವ ಜಾಗವಾದ್ದರಿಂದ ಅಲ್ಲಿ ವೇಗವಾಗಿ ಇಳಿಯಬೇಡಿ. ಈ ಸುತ್ತು ಹಗುರವೆನಿಸಿದ ಮೇಲೆ, ಪಾರ್ಸ್ಲಿ ಹೇಯಿಂದ ಉತ್ತರಕ್ಕೆ ಪೆನೈನ್ ಬ್ರೈಡಲ್‌ವೇ ಹಿಡಿದು ಚೆಲ್ಮಾರ್ಟನ್ ಸುತ್ತಲಿನ ಕಲ್ಲುಗೋಡೆಗಳ ನಡುವಿನ ಓಣಿಗಳನ್ನು ಪ್ರಯತ್ನಿಸಿ. ನಿಜವಾದ ಗ್ರಾವೆಲ್ ಸವಾರಿಯ ರುಚಿ ಅಲ್ಲಿ ಸಿಗುತ್ತದೆ.

ಇನ್ನೊಂದು ಮಾತು. ಕಾಲುದಾರಿಯಲ್ಲಿ ಸೈಕಲ್ ಓಡಿಸುವುದು ಅಪರಾಧವಲ್ಲ, ಹೆಚ್ಚೆಂದರೆ ಸಿವಿಲ್ ವಿಷಯ, ಆದ್ದರಿಂದ ನಿಶ್ಚಿಂತೆಯಿಂದ ಹೋಗಿ ಎಂದು ವಿಡಿಯೊಗಳಲ್ಲಿ ಬೋಧಿಸುವವರಿದ್ದಾರೆ. ಸ್ಥಳೀಯ ನಿರ್ಬಂಧವಿಲ್ಲದ ಕಡೆ ಕಾನೂನಿನ ಅರ್ಧ ಮಾತು ಸರಿ, ಸಲಹೆ ಪೂರ್ತಿ ಕೆಟ್ಟದ್ದು. ಈ ನಾಡಿನ ಎಷ್ಟೋ ಒಳ್ಳೆಯ ಹಾದಿಗಳು ಜಮೀನಿನ ಒಡೆಯರ ಅನುಮತಿಯ ಮೇಲೆ ನಿಂತಿವೆ. ಅನುಮತಿ ಕೊಟ್ಟವರು ಅದನ್ನು ಹಿಂತೆಗೆದುಕೊಳ್ಳಲೂ ಬಲ್ಲರು. ಕುರಿ ಮರಿ ಹಾಕುವ ಕಾಲದಲ್ಲಿ ಗೇಟು ತೆರೆದು ಬಿಟ್ಟು ಹೋಗುವ ಒಬ್ಬ ಸವಾರನಿಂದ ಒಂದು ಊರಿನ ಸದ್ಭಾವವೇ ಹೋಗುತ್ತದೆ. ಗೇಟು ಹೇಗಿತ್ತೋ ಹಾಗೆಯೇ ಬಿಡಿ. ಕುದುರೆಯ ಹಿಂದಿನಿಂದ ಬರುವಾಗ ದೂರದಿಂದಲೇ ಮಾತನಾಡಿಸಿ, ಸವಾರರು ಸರಿ ಎಂದ ಮೇಲಷ್ಟೇ ನಿಧಾನವಾಗಿ ದಾಟಿ.

ಪ್ರಶ್ನೆ: ಟೈರಿಗೆ ಗಾಳಿ ಎಷ್ಟು ಗಟ್ಟಿಯಾಗಿದ್ದರೆ ಅಷ್ಟು ವೇಗ ಎನ್ನುತ್ತಾರೆ, ನಿಜವೇ?

ಉತ್ತರ: ಕಲ್ಲುಹಾದಿಯಲ್ಲಿ ಸುಳ್ಳು. ಗಟ್ಟಿ ಟೈರು ಪ್ರತಿ ಕಲ್ಲಿನ ಮೇಲೂ ಪುಟಿದು ನಿಮ್ಮನ್ನು ಮೇಲೆತ್ತುವುದರಲ್ಲೇ ಶಕ್ತಿ ಕಳೆಯುತ್ತದೆ. 40ರಿಂದ 45 ಮಿ.ಮೀ. ಟ್ಯೂಬ್‌ಲೆಸ್ ಟೈರು, 70 ಕಿಲೊ ತೂಕದ ಸವಾರ ಎಂದಾದರೆ 30 ಪಿಎಸ್‌ಐ ಆಸುಪಾಸಿನಿಂದ ಶುರು ಮಾಡಿ, ಹಿಂದಿನದಕ್ಕೆ ತುಸು ಹೆಚ್ಚು ಹಾಕಿ.

ಪ್ರಶ್ನೆ: ಏರು ಹತ್ತಿದ ಮೇಲೆ ಮೊಣಕಾಲು ನೋಯುತ್ತದೆ. ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ಪುಡಿಯೊಂದನ್ನು ಮಾರುತ್ತಿದ್ದಾರೆ. ತೆಗೆದುಕೊಳ್ಳಲೇ?

ಉತ್ತರ: ಬೇಡ. ಯಾವ ಪುಡಿಯೂ ಗೇರಿನ ಕೆಲಸ ಮಾಡುವುದಿಲ್ಲ, ಅದನ್ನು ಮಾರುವವರು ನಿಮ್ಮ ನೋವಿನಿಂದ ಹಣ ಮಾಡುತ್ತಿದ್ದಾರೆ. ಮುಂದಿನ ಚಿಕ್ಕ ಹಲ್ಲುಚಕ್ರಕ್ಕಿಂತ ಹಿಂದಿನ ದೊಡ್ಡದರಲ್ಲಿ ಹೆಚ್ಚು ಹಲ್ಲುಗಳಿರಲಿ, ಸೀಟಿನ ಎತ್ತರ ನೋಡಿಸಿಕೊಳ್ಳಿ. ಆಮೇಲೂ ನೋವು ಉಳಿದರೆ ಫಿಸಿಯೊಥೆರಪಿಸ್ಟ್‌ರನ್ನು ಕಾಣಿ.

ಪ್ರಶ್ನೆ: ಇ-ಬೈಕ್ ಬ್ರೈಡಲ್‌ವೇಗೆ ತರಬಹುದೇ?

ಉತ್ತರ: 250 ವ್ಯಾಟ್ ಮೀರದ, ಪೆಡಲ್ ತುಳಿದರಷ್ಟೇ ನೆರವಾಗುವ, ಗಂಟೆಗೆ 15.5 ಮೈಲಿ ವೇಗದಲ್ಲಿ ಮೋಟಾರು ನಿಲ್ಲುವ ಸೈಕಲ್ಲಾದರೆ ತರಬಹುದು. ಬದಲಾಯಿಸಿದ ಮೋಟಾರಿನವರು ನನ್ನನ್ನು ಕೇಳಬೇಡಿ.

ಪ್ರಶ್ನೆ: ಸೌತ್ ಡೌನ್ಸ್ ವೇ ಒಂದೇ ದಿನದಲ್ಲಿ ಮುಗಿಸಬಹುದೇ?

ಉತ್ತರ: ವಿಂಚೆಸ್ಟರ್‌ನಿಂದ ಈಸ್ಟ್‌ಬೋರ್ನ್‌ಗೆ 160 ಕಿ.ಮೀ., ಸೀಮೆಸುಣ್ಣದ ಗುಡ್ಡಗಳ ಮೇಲೆ ಏರಿಳಿತ ನಿಲ್ಲುವುದೇ ಇಲ್ಲ. ಕೇಳಿ ತಿಳಿಯಬೇಕಾದವರು ಮೂರು ದಿನ ಇಟ್ಟುಕೊಳ್ಳಿ, ಮಳೆಯ ಮಾರನೆಯ ದಿನ ಹೊರಡಬೇಡಿ.

ಪ್ರಶ್ನೆ: ಚಳಿಗಾಲದಲ್ಲಿ ಒಬ್ಬಳೇ ಹೋಗುವುದು ಸುರಕ್ಷಿತವೇ?

ಉತ್ತರ: ಡಿಸೆಂಬರ್‌ನಲ್ಲಿ ಪೀಕ್ ಡಿಸ್ಟ್ರಿಕ್ಟ್‌ನಲ್ಲಿ 4 ಗಂಟೆಗೆ ಮುಂಚೆಯೇ ಸೂರ್ಯ ಮುಳುಗುತ್ತಾನೆ, ಕಣಿವೆಗಳಲ್ಲಿ ಫೋನ್ ಸಿಗ್ನಲ್ ಸಿಗದಿರಬಹುದು. ದೀಪ, ಒಂದು ಬೆಚ್ಚನೆಯ ಪದರ ಮತ್ತು ಕಾಗದದ ನಕ್ಷೆ ಇಲ್ಲದೆ ಹೋಗಬೇಡಿ. ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ಸು ಎಂಬುದನ್ನು ಮನೆಯವರಿಗೆ ಬರೆದು ಕೊಡಿ. ಮಾತನಾಡಲು ಸಾಲದಷ್ಟು ಸಿಗ್ನಲ್ ಇರುವಲ್ಲೂ ಸಂದೇಶ ಹೋಗಬಹುದು, ಆದ್ದರಿಂದ ಮನೆಯಲ್ಲಿರುವಾಗಲೇ ‘ರಿಜಿಸ್ಟರ್’ ಎಂಬ ಇಂಗ್ಲಿಷ್ ಪದವನ್ನು ತುರ್ತು ಸಂಖ್ಯೆ 999ಕ್ಕೆ ಸಂದೇಶವಾಗಿ ಕಳುಹಿಸಿ ನೋಂದಾಯಿಸಿಕೊಳ್ಳಿ. ಗುಡ್ಡದಲ್ಲಿ ಬಿದ್ದಾಗ 999ಕ್ಕೆ ಕರೆ ಮಾಡಿ ಮೊದಲು ಪೊಲೀಸರನ್ನು ಕೇಳಬೇಕು, ಆಮೇಲೆ ಮೌಂಟನ್ ರೆಸ್ಕ್ಯೂ (ಗುಡ್ಡದ ರಕ್ಷಣಾ ತಂಡ) ಬೇಕೆಂದು ಹೇಳಬೇಕು.