ಸ್ಪಿರಿಟ್ ಇಳಿಜಾರಿನಲ್ಲಿ ನಿಂತದ್ದೇಕೆ?

ಮಂಗಳ ಗ್ರಹದಲ್ಲಿ ಓಡಾಡುತ್ತಿದ್ದ ನಾಸಾದ ಶೋಧಕ ಗಾಡಿ ಸ್ಪಿರಿಟ್ ರೋವರನ್ನು ಚಳಿಗಾಲದಲ್ಲಿ ಸಮತಟ್ಟು ಜಾಗ ಬಿಟ್ಟು ಇಳಿಜಾರಿನಲ್ಲೇ ಏಕೆ ನಿಲ್ಲಿಸುತ್ತಿದ್ದರು ಎಂದು ಕೇಳಿದ್ದೀರಿ. ಬಿಸಿಲಿಗಾಗಿ. ನಮ್ಮ ಚಿಕ್ಕಮಗಳೂರಿನಲ್ಲಿ ತಾರಸಿಯ ಸೋಲಾರ್ ಫಲಕವನ್ನು ದಕ್ಷಿಣಕ್ಕೆ ವಾಲಿಸಿ ಕೂರಿಸುತ್ತಾರಲ್ಲ, ಅದೇ ಲೆಕ್ಕ; ಸ್ಪಿರಿಟ್ ಇದ್ದದ್ದು ಮಂಗಳನ ದಕ್ಷಿಣಾರ್ಧಗೋಳದಲ್ಲಾದ್ದರಿಂದ ದಿಕ್ಕು ಮಾತ್ರ ಉತ್ತರ. ಅದರ ಫಲಕಗಳನ್ನು ಬೆನ್ನಿಗೇ ಬಿಗಿದಿದ್ದರು, ತಿರುಗಿಸುವಂತಿರಲಿಲ್ಲ. ಹಾಗಾಗಿ ಇಡೀ ಗಾಡಿಯನ್ನೇ ಓರೆ ಮಾಡಬೇಕಿತ್ತು. ಮೂರನೆಯ ಚಳಿಗಾಲದಲ್ಲಿ ಸುಮಾರು 30 ಡಿಗ್ರಿ! ಒಳಗೆ ತಲಾ ಒಂದು ವಾಟ್ ಶಾಖ ಕೊಡುವ 8 ಪ್ಲುಟೋನಿಯಂ ಗುಳಿಗೆಗಳಿದ್ದವು. ಅವು ಬೆಚ್ಚಗಿಡುತ್ತವೆಯೇ ಹೊರತು ವಿದ್ಯುತ್ ಕೊಡುವುದಿಲ್ಲ. ಅನೇಕರು ಇಲ್ಲೇ ಎಡವುತ್ತಾರೆ. 2009ರಲ್ಲಿ ಚಕ್ರಗಳು ಮೆದುಮಣ್ಣಿನಲ್ಲಿ ಹೂತವು, ಬಿಸಿಲಿನತ್ತ ವಾಲಿಸಲಾಗಲಿಲ್ಲ, ವಿದ್ಯುತ್ ಸಾಲದಾಯಿತು. 2010ರ ಮಾರ್ಚ್ 22ರ ನಂತರ ಸಂಕೇತವೇ ಬರಲಿಲ್ಲ.

ಫಲಕಗಳ ಮೇಲೆ ಕೂರುವ ಧೂಳು ಒರೆಸಲು ವೈಪರ್ ಏಕಿರಲಿಲ್ಲ ಎಂದಿರಿ. ಯೋಜನೆ ಇದ್ದದ್ದೇ 90 ಮಂಗಳ ದಿನಗಳಿಗೆ, ಸ್ವಾಮಿ. ಗಾಳಿಯೇ ಆಗಾಗ ಬಿಟ್ಟಿಯಾಗಿ ಆ ಕೆಲಸ ಮಾಡಿಕೊಟ್ಟಿತು.