ಹಳೆಯ ಹಾರ್ಡ್‌ಡಿಸ್ಕಿನ ಫೋಲ್ಡರ್ ‘ಪರ್ಮಿಷನ್ ಇಲ್ಲ’ ಅಂದರೆ ಏನು ಮಾಡಬೇಕು?

ಕೆಟ್ಟುಹೋದ ಲ್ಯಾಪ್‌ಟಾಪಿನ ಹಾರ್ಡ್‌ಡಿಸ್ಕ್ ತೆಗೆದು, ಯುಎಸ್‌ಬಿ ಕೇಸಿಗೆ ಹಾಕಿ, ಹೊಸ ವಿಂಡೋಸ್ ಕಂಪ್ಯೂಟರಿಗೆ ಸಿಕ್ಕಿಸಿದ್ದೀರಿ. ಡಿಸ್ಕ್ ಕಾಣುತ್ತಿದೆ, ಆದರೆ ಮಕ್ಕಳ ಫೋಟೋ ಇರುವ ಫೋಲ್ಡರ್ ತೆರೆಯುತ್ತಿಲ್ಲ. ಹೆಸರೂ ಅದೇ, ಪಾಸ್‌ವರ್ಡೂ ಅದೇ, ಮತ್ತೆ ಯಾಕೆ ಹೀಗೆ ಅಂತ ಕೇಳಿದ್ದೀರಿ. ಅಪ್ಪನ ಲ್ಯಾಪ್‌ಟಾಪ್ ಕೈಕೊಟ್ಟಾಗ ನನಗೂ ಹೀಗೇ ಆಗಿತ್ತು. ಅಜ್ಜಿಯ ಜೊತೆ ಮಾಡಿದ ಕೊನೆಯ ಯುಗಾದಿಯ ಫೋಟೋಗಳೆಲ್ಲ ಅದರಲ್ಲೇ ಇದ್ದವು. ಹಾಗಾಗಿ ನಿಮ್ಮ ಗಾಬರಿ ನನಗೆ ಅರ್ಥವಾಗುತ್ತದೆ.

ವಿಂಡೋಸ್ ನಿಮ್ಮನ್ನು ಗುರುತಿಸುವುದು ಹೆಸರಿನಿಂದ ಅಲ್ಲ. ಒಂದು ಬ್ಯಾಂಕಿನಲ್ಲಿ ಮಂಜುನಾಥ ಅನ್ನುವವರು ನೂರು ಜನ ಇರಬಹುದು, ಹಣ ಜಮಾ ಆಗುವುದು ಖಾತೆ ನಂಬರು ನೋಡಿ ಅಲ್ವಾ? ಇಲ್ಲೂ ಪ್ರತಿ ಬಳಕೆದಾರರಿಗೆ ಎಸ್‌ಐಡಿ ಅನ್ನುವ ನಂಬರು ಇರುತ್ತದೆ. ಎಸ್-1-5-21 ಅಂತ ಶುರುವಾಗಿ ಉದ್ದಕ್ಕೆ ಹೋಗುತ್ತದೆ. ಹಳೆಯ ಡಿಸ್ಕಿನ ಫೈಲುಗಳ ಮೇಲೆ ಹಳೆಯ ನಂಬರು ಬರೆದಿದೆ. ಹೊಸ ಕಂಪ್ಯೂಟರಿನಲ್ಲಿ ನಿಮ್ಮ ನಂಬರು ಬೇರೆ. ಹೆಸರು ಒಂದೇ ಇದ್ದರೂ ಅದಕ್ಕೆ ನೀವು ಹೊಸಬರು. ಹಾಗಾಗಿ ಆ ಫೋಲ್ಡರಿನ ಮಾಲೀಕರು (ಓನರ್) ಇನ್ನು ನೀವೇ ಅಂತ ವಿಂಡೋಸಿಗೆ ಹೇಳಬೇಕು.

ಶುರು ಮಾಡುವ ಮುಂಚೆ ಒಂದು ಮಾತು. ಡಿಸ್ಕಿನಿಂದ ಟಿಕ್ ಟಿಕ್ ಅಂತ ಸದ್ದು ಬರುತ್ತಿದ್ದರೆ ಮುಂದಿನದು ಯಾವುದನ್ನೂ ಮಾಡಬೇಡಿ. ಮಾಲೀಕತ್ವ ಬದಲಿಸುವುದು ಅಂದರೆ ಸಾವಿರಾರು ಫೈಲುಗಳ ಮೇಲೆ ಹೊಸದಾಗಿ ಬರೆಯುವುದು. ಸೋತ ಡಿಸ್ಕ್ ಅದನ್ನು ತಡೆಯಲಾರದು. ಅದನ್ನು ಕಂಪ್ಯೂಟರಿನಿಂದ ಕಳಚಿಟ್ಟು, ಡೇಟಾ ತೆಗೆಯುವುದು ಗೊತ್ತಿರುವವರಿಗೆ ಕೊಡಿ.

ಡಿಸ್ಕ್ ಸರಿಯಾಗಿದ್ದರೆ ಫೋಲ್ಡರ್ ಒತ್ತಿದಾಗ ಬರುವ ‘ಕಂಟಿನ್ಯೂ’ ಬಟನ್ ಒಮ್ಮೆ ಒತ್ತಿ ನೋಡಿ. ಎಷ್ಟೋ ಸಲ ಅಷ್ಟೇ ಸಾಕು. ಅದಕ್ಕೂ ಬಗ್ಗದೆ, ಸೆಕ್ಯುರಿಟಿ ಟ್ಯಾಬಿಗೆ ಹೋಗಿ ಅಂತ ಹೇಳಿದರೆ, ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್, ಸೆಕ್ಯುರಿಟಿ, ಅಡ್ವಾನ್ಸ್ಡ್ ಅಂತ ಒಂದೊಂದಾಗಿ ಹೋಗಿ. ಮೇಲ್ಗಡೆ ‘ಓನರ್’ ಸಾಲಿನ ಪಕ್ಕ ‘ಚೇಂಜ್’ ಇದೆ. ಅಲ್ಲಿ ನಿಮ್ಮ ಬಳಕೆದಾರ ಹೆಸರು ಹಾಕಿ ‘ಚೆಕ್ ನೇಮ್ಸ್’ ಒತ್ತಿ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗುವವರಾದರೆ ಇಮೇಲ್ ವಿಳಾಸ ಹಾಕಿದರೂ ನಡೆಯುತ್ತದೆ. ಓಕೆ ಕೊಟ್ಟ ಮೇಲೆ ‘ರಿಪ್ಲೇಸ್ ಓನರ್’ ಅಂತ ಶುರುವಾಗುವ ಚೌಕ ಕಾಣುತ್ತದೆ. ಅದಕ್ಕೆ ಟಿಕ್ ಹಾಕಲು ಮರೆಯಬೇಡಿ. ಹಾಕದಿದ್ದರೆ ಹೊರಗಿನ ಫೋಲ್ಡರ್ ಮಾತ್ರ ನಿಮ್ಮದಾಗುತ್ತದೆ, ಒಳಗಿನವು ಹಾಗೇ ಉಳಿಯುತ್ತವೆ. ಅಪ್ಲೈ ಒತ್ತಿದಾಗ ಫುಲ್ ಕಂಟ್ರೋಲ್ ಬೇಕಾ ಅಂತ ಕೇಳಿದರೆ ಯೆಸ್ ಅನ್ನಿ. ಫೈಲು ಜಾಸ್ತಿ ಇದ್ದರೆ ತುಂಬಾ ಹೊತ್ತು ಹಿಡಿಯುತ್ತದೆ, ಮಧ್ಯೆ ನಿಲ್ಲಿಸಬೇಡಿ.

ಮಾಲೀಕರಾದ ಮಾತ್ರಕ್ಕೆ ಫೈಲು ತೆರೆಯುವ ಹಕ್ಕು ತಾನಾಗಿ ಬರುವುದಿಲ್ಲ. ಆ ಹಕ್ಕನ್ನು ಕೊಟ್ಟುಕೊಳ್ಳುವ ಅಧಿಕಾರ ಮಾತ್ರ ಬರುತ್ತದೆ. ತುಂಬಾ ಜನ ಇಲ್ಲೇ ಎಡವುತ್ತಾರೆ. ಇನ್ನೂ ತೆರೆಯದಿದ್ದರೆ ಎಲ್ಲ ಕಿಟಕಿ ಮುಚ್ಚಿ, ಮತ್ತೆ ಅದೇ ‘ಅಡ್ವಾನ್ಸ್ಡ್’ ಜಾಗಕ್ಕೆ ಬಂದು, ‘ಆ್ಯಡ್’ ಒತ್ತಿ ನಿಮ್ಮ ಹೆಸರಿಗೆ ಫುಲ್ ಕಂಟ್ರೋಲ್ ಕೊಡಿ. ಕೆಳಗಿರುವ ‘ರಿಪ್ಲೇಸ್ ಆಲ್ ಚೈಲ್ಡ್ ಆಬ್ಜೆಕ್ಟ್’ ಅನ್ನುವುದಕ್ಕೂ ಟಿಕ್ ಹಾಕಿ.

‘ಎವೆರಿವನ್’ಗೆ ಫುಲ್ ಕಂಟ್ರೋಲ್ ಕೊಟ್ಟುಬಿಡಿ, ಸುಲಭ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಆಮೇಲೆ ಆ ಕಂಪ್ಯೂಟರಿನ ಯಾವ ಖಾತೆಯಿಂದ ಬೇಕಾದರೂ ಆ ಫೋಟೋಗಳನ್ನು ಅಳಿಸಬಹುದು. ಮತ್ತೆ, ಬೇಕಾದ ಫೋಲ್ಡರಿಗೆ ಮಾತ್ರ ಇದನ್ನು ಮಾಡಿ. ಒಮ್ಮೆ ನಾನು ನನ್ನ ಕಂಪ್ಯೂಟರಿನ ಇಡೀ ಸಿ ಡ್ರೈವಿಗೆ ಮಾಡಿಬಿಟ್ಟೆ. ಅಲ್ಲಿ ವಿಂಡೋಸಿನ ಸ್ವಂತ ಫೈಲುಗಳ ಮಾಲೀಕ ‘ಟ್ರಸ್ಟೆಡ್‌ಇನ್‌ಸ್ಟಾಲರ್’ ಅನ್ನುವ ಸೇವೆ. ಅದರ ಕೈಯಿಂದ ಕಿತ್ತುಕೊಂಡ ಮೇಲೆ ಅಪ್‌ಡೇಟುಗಳು ಕೆಟ್ಟವು. ಕೊನೆಗೆ ವಿಂಡೋಸನ್ನೇ ಮತ್ತೆ ಹಾಕಬೇಕಾಯಿತು.

ಅಡಗಿಸಿದ ಫೈಲುಗಳ ಜೊತೆಗೆ ವಿಂಡೋಸಿನ ರಕ್ಷಿತ ಸಿಸ್ಟಂ ಫೈಲುಗಳನ್ನೂ ತೋರಿಸುವ ಆಯ್ಕೆ ಹಾಕಿಕೊಂಡಿದ್ದರೆ ‘ಡಾಕ್ಯುಮೆಂಟ್ಸ್ ಆ್ಯಂಡ್ ಸೆಟ್ಟಿಂಗ್ಸ್’ ಅಂತಲೂ ಒಂದು ಕಾಣುತ್ತದೆ. ಅದು ತೆರೆಯುವುದಿಲ್ಲ. ಅದು ಹಳೆಯ ಪ್ರೋಗ್ರಾಮುಗಳಿಗಾಗಿ ಇಟ್ಟ ದಾರಿಸೂಚಕ ಅಷ್ಟೆ, ಸುಮ್ನೆ ಬಿಟ್ಟುಬಿಡಿ. ನಿಮ್ಮ ಫೋಟೋಗಳು ‘ಯೂಸರ್ಸ್’ ಒಳಗೆ ನಿಮ್ಮ ಹೆಸರಿನ ಫೋಲ್ಡರಿನಲ್ಲಿ ಇರುತ್ತವೆ.

ತೆರೆದ ಕೂಡಲೇ ಎಲ್ಲವನ್ನೂ ಹೊಸ ಕಂಪ್ಯೂಟರಿನ ಪಿಕ್ಚರ್ಸ್ ಫೋಲ್ಡರಿಗೆ ಕಾಪಿ ಮಾಡಿ. ಕಟ್ ಬೇಡ. ಕಾಪಿಯಾದ ಫೈಲುಗಳು ಹೊಸ ಜಾಗದ ಅನುಮತಿಯನ್ನೇ ಪಡೆಯುತ್ತವೆ, ಈ ತೊಂದರೆ ಅವುಗಳ ಜೊತೆ ಬರುವುದಿಲ್ಲ. ಹಳೆಯ ಡಿಸ್ಕಿನಲ್ಲಿರುವುದು ಇನ್ನೊಂದು ಪ್ರತಿಯಾಗಿ ಹಾಗೇ ಇರಲಿ.

ಇಷ್ಟಾದರೂ ಕೆಲವು ಫೋಟೋಗಳು ತೆರೆಯದೆ, ಅವುಗಳ ಮೇಲೆ ಸಣ್ಣ ಬೀಗದ ಗುರುತು ಕಂಡರೆ, ಅವನ್ನು ಹಳೆಯ ಕಂಪ್ಯೂಟರಿನಲ್ಲಿ ಎನ್‌ಕ್ರಿಪ್ಟ್ ಮಾಡಿರಬಹುದು, ಅಂದರೆ ಕೀಲಿ ಇಲ್ಲದೆ ಓದಲಾಗದ ಹಾಗೆ ಗುಪ್ತಲಿಪಿಗೆ ಬದಲಿಸಿರಬಹುದು. ಅಲ್ಲಿ ಮಾಲೀಕರಾಗಿ ಪ್ರಯೋಜನವಿಲ್ಲ, ಆಗ ಉಳಿಸಿಟ್ಟಿದ್ದ ಕೀಲಿ ಫೈಲೇ ಬೇಕು. ಹಾಗೇನಾದರೂ ಇದ್ದರೆ ಹಳೆಯ ಡಿಸ್ಕನ್ನು ಫಾರ್ಮ್ಯಾಟ್ ಮಾಡದೆ ಇಲ್ಲಿ ಬರೆಯಿರಿ, ಒಟ್ಟಿಗೆ ನೋಡೋಣ.